ಮಾದರಿಗೆ ಇಟ್ಟ ಹೆಸರು

ಜೂನ್ 3, ಸೋಮವಾರ

ಅಯೋಡಿನ್ ಬೆರೆಸದ ಉಪ್ಪಿಗಾಗಿ ವಿಕ್ರೋಳಿಯ ಅಂಗಡಿಗಳನ್ನೆಲ್ಲ ಸುತ್ತಿದೆ. ಸ್ಟೇಷನ್ ರಸ್ತೆಯ ಕಿರಾಣಿಯವನು, "ಬಿನಾ ಅಯೋಡಿನ್? ವೋ ತೋ ಗಾಯ್ ಭೈಂಸ್ ಕೇ ಲಿಯೇ ಆತಾ ಹೈ, ಮ್ಯಾಡಮ್" ಎಂದು ನಕ್ಕ. ದನದ ಉಪ್ಪೇ ಕೊಡಪ್ಪ ಎಂದೆ. ನನ್ನ ಮುಖ ನೋಡಿ ನಗು ನಿಲ್ಲಿಸಿ, ಒಳಗಿನಿಂದ ಒಂದು ಪೊಟ್ಟಣ ತಂದುಕೊಟ್ಟ.

ಮಗಳು ಯಕ್ಷಿತಾಳಿಗೆ ಇನ್ನೆರಡು ವಾರ ಇದೇ ಉಪ್ಪು. ಮೀನಿಲ್ಲ, ಹಾಲಿಲ್ಲ, ಮೊಟ್ಟೆಯಿಲ್ಲ. ಏಪ್ರಿಲ್‌ನಲ್ಲಿ ಅವಳ ಥೈರಾಯ್ಡ್ ಗ್ರಂಥಿಯನ್ನು ತೆಗೆದರು, ಅದರೊಳಗಿನ ಕ್ಯಾನ್ಸರ್ ಗಂಟಿನ ಸಮೇತ. ಉಳಿದ ಚೂರುಪಾರನ್ನು ಕೊಲ್ಲಲು ವಿಕಿರಣವುಳ್ಳ ಅಯೋಡಿನ್ ನುಂಗಿಸುತ್ತಾರೆ. ಅದಕ್ಕೆ ಮೊದಲು ಮೈಯಲ್ಲಿರುವ ಅಯೋಡಿನ್ ಬರಿದಾಗಬೇಕು. ಹಸಿದ ಜೀವಕೋಶಗಳು ಸಿಕ್ಕಿದ್ದನ್ನು ಗಬಗಬ ನುಂಗುತ್ತವೆ, ನುಂಗಿ ಸಾಯುತ್ತವೆ. ಅವಳಿಗೆ ಹದಿನಾರು ವರ್ಷ.

ಇದನ್ನು ಬರೆಯುವಾಗ ನನಗೆ ಏನೂ ಅನಿಸುತ್ತಿಲ್ಲ. ಡಾಕ್ಟರು ಹೇಳಿದ ದಿನವೂ ಅನಿಸಲಿಲ್ಲ. ನನ್ನ ಗಂಡ ಸುಕೇಶ್ ಹಡಗಿನಿಂದ ವಿಡಿಯೋ ಕಾಲ್ ಮಾಡಿ ಅತ್ತ. ನಾಲ್ಕು ಡಜನ್ ಜನರಿಗೆ ಅಡುಗೆ ಮಾಡಿ ಹಾಕುವ ಗಂಡಸು, ಹಿಟ್ಟಿನ ಕೈಯಿಂದಲೇ ಕಣ್ಣು ಒರೆಸಿಕೊಂಡ. ಅವನ ಕಾಂಟ್ರಾಕ್ಟು ಮುಗಿಯುವುದು ಅಕ್ಟೋಬರಿಗೆ. ನಾನೇ ಸಮಾಧಾನ ಮಾಡಿದೆ.

ದಿನವಿಡೀ ಹಿಂದಿ, ಮರಾಠಿ, ಇಂಗ್ಲಿಷುಗಳಲ್ಲಿ ಮಾತಾಡಿ ಮುಗಿಸಿದ ಮೇಲೆ ಕನ್ನಡ ನನಗೊಬ್ಬಳಿಗೆ ಉಳಿಯುತ್ತದೆ. ಅದಕ್ಕೇ ಇದು.

ಜೂನ್ 9, ಭಾನುವಾರ

ದಹಿಸರ್‌ನಿಂದ ಅಕ್ಕು ಬಂದರು. ಅಕ್ಕು ಎಂದರೆ ನನ್ನ ಅತ್ತೆ, ಸುಕೇಶನ ತಾಯಿ. ಅವರ ಚಾಳಿನ ಸಾಲುಮನೆಗಳವರೆಲ್ಲ ಹಾಗೇ ಕರೆಯುತ್ತಾರೆ, ನಾನೂ. ಸ್ಟೀಲಿನ ಡಬ್ಬಿಯಲ್ಲಿ ಬಂಗುಡೆ ಪುಳಿಮುಂಚಿ. ಲೋಕಲ್ ರೈಲಿನಲ್ಲಿ ಎರಡು ಗಾಡಿ ಬದಲಿಸಿ, ಒಂದು ಹನಿ ಚೆಲ್ಲದಂತೆ ತಂದಿದ್ದರು.

"ಮೀನು ಕೊಡಬಾರದು ಎಂದು ಹೇಳಿದ್ದೆನಲ್ಲ."

"ಎಂಥದ್ದು ಮಾರಾಯ್ತಿ! ಮೀನು ತಿನ್ನದೆ ಮಗುವಿಗೆ ಶಕ್ತಿ ಬರುವುದು ಎಲ್ಲಿಂದ? ನೋಡು, ಹೇಗೆ ಬಿಳುಚಿಕೊಂಡಿದ್ದಾಳೆ."

ಡಬ್ಬಿಯನ್ನು ಫ್ರಿಜ್ಜಿನ ಮೇಲಿಟ್ಟೆ. ಮಗಳು ವಾಸನೆ ಹಿಡಿದು ಬಂದು, ಡಬ್ಬಿಯನ್ನು ಮುಟ್ಟದೆ ನೋಡಿ ಹೋದಳು. ಥೈರಾಯ್ಡ್ ಮಾತ್ರೆ ನಿಲ್ಲಿಸಿರುವುದರಿಂದ ಅವಳಿಗೆ ಸದಾ ಚಳಿ, ಸದಾ ನಿದ್ದೆ. ಸೆಖೆಯಲ್ಲೂ ಸ್ವೆಟರ್.

ಅವಳು ಅತ್ತ ಹೋದ ಮೇಲೆ ಅಕ್ಕು ದನಿ ತಗ್ಗಿಸಿದರು. "ಒಂದು ಕೇಳ್ತೇನೆ, ಬೇಜಾರು ಮಾಡಬೇಡ. ಇದು ನಿನ್ನ ಆ ಕೆಲಸದಿಂದ ಬಂದದ್ದಲ್ವಾ?"

ಅಲ್ಲ ಎಂದೆ. ಲ್ಯಾಬಿನಲ್ಲಿ ನಾನು ಬಳಸುವ ಯುರೇನಿಯಂ ಎಷ್ಟು ದುರ್ಬಲವಾದದ್ದು, ಎದೆಯ ಬ್ಯಾಡ್ಜು ಏನನ್ನು ಅಳೆಯುತ್ತದೆ, ಹೊರಬರುವಾಗ ಕೈಕಾಲುಗಳನ್ನು ಹೇಗೆ ಪರೀಕ್ಷಿಸುತ್ತಾರೆ, ಎಲ್ಲ ಹೇಳಿದೆ. ಟ್ರೇನಿಗಳಿಗೆ ಹೇಳುವ ಹಾಗೆಯೇ ಹೇಳಿದೆ.

"ನನಗೆ ಅದೆಲ್ಲ ಅರ್ಥ ಆಗುವುದಿಲ್ಲ. ನೀನು ಸುಟ್ಟುಹೋದ ರಿಯಾಕ್ಟರಿನ ಕಲ್ಲು ಮಾಡ್ತಿ. ಮಗುವಿನ ಕುತ್ತಿಗೆಯಲ್ಲಿ ಗಂಟು ಬಂತು. ನನಗೆ ಅಷ್ಟೇ ಗೊತ್ತಿರುವುದು."

ಕೋಪ ಬರಬೇಕಿತ್ತು. ಬಂಗುಡೆಯನ್ನು ಕೆಳಗಿನ ವಾಚ್‌ಮನ್‌ಗೆ ಕೊಟ್ಟುಬಂದೆ.

ಜೂನ್ 12, ಬುಧವಾರ

ಅಕ್ಕು ಹೇಳಿದ್ದು ಒಂದು ಲೆಕ್ಕದಲ್ಲಿ ಸರಿ, ನಾನು ಕಲ್ಲು ಮಾಡುತ್ತೇನೆ. ರಿಯಾಕ್ಟರು ತಣ್ಣಗಾಗದೆ ಕೈಮೀರಿದಾಗ ಇಂಧನ, ಉಕ್ಕು, ನೆಲದ ಕಾಂಕ್ರೀಟು ಎಲ್ಲ ಒಂದಾಗಿ ಕರಗಿ, ಹರಿದು, ನೆಲಮಾಳಿಗೆಯಲ್ಲಿ ಹೆಪ್ಪುಗಟ್ಟುತ್ತವೆ. ಆ ಅಸಲಿ ಕಲ್ಲಿನ ಹತ್ತಿರ ಯಾರೂ ಹೋಗುವ ಹಾಗಿಲ್ಲ. ನಾವು ಕುಲುಮೆಯಲ್ಲಿ ಅದರ ನಕಲು ಮಾಡಿ, ತೇವದ ಪೆಟ್ಟಿಗೆಯಲ್ಲಿಟ್ಟು, ಎಷ್ಟು ವರ್ಷಕ್ಕೆ ಮೈ ಬಿರಿದು ಪುಡಿ ಉದುರುತ್ತದೆ ಎಂದು ಕಾಯುತ್ತೇವೆ. ಕಲ್ಲಾಗಿ ಇರುವವರೆಗೆ ಅದು ಇದ್ದಲ್ಲೇ ಇರುತ್ತದೆ. ಪುಡಿಯಾದರೆ ಗಾಳಿಗೆ ಏಳುತ್ತದೆ.

ಈಗ ನಾವು ಕಾಯುತ್ತಿರುವ ನಕಲಿನ ಹೆಸರು ಕೆ-14. ಮುಷ್ಟಿ ಗಾತ್ರ, ಕಪ್ಪು, ಗಾಜಿನ ಹೊಳಪು. ಮೂರು ವರ್ಷದಿಂದ ಹಾಗೇ ಕೂತಿದೆ. ನನ್ನ ಜೂನಿಯರ್ ಅಮೋಲ್ ದಿನಾ ಬೆಳಿಗ್ಗೆ ಅದಕ್ಕೆ ಗುಡ್ ಮಾರ್ನಿಂಗ್ ಹೇಳುತ್ತಾನೆ.

ಜೂನ್ 16, ಭಾನುವಾರ

ನಾಳೆ ಅಡ್ಮಿಷನ್. ಸಂಜೆ ಯಕ್ಷಿತಾ ನನ್ನ ಮಂಚಕ್ಕೆ ಬಂದು ಮಲಗಿದಳು. ನಾನು ಬ್ಯಾಗಿಗೆ ಹಳೇ ಬಟ್ಟೆಗಳನ್ನು ಹಾಕುತ್ತಿದ್ದೆ. ಅಲ್ಲಿ ಬಳಸಿದ್ದನ್ನು ಕೂಡಲೇ ವಾಪಸು ತರುವಂತಿಲ್ಲ.

"ಮಮ್ಮಾ, ರಿಯಾಕ್ಟರ್ ಬ್ಲಾಸ್ಟ್ ಆದಾಗ ಬರುತ್ತಲ್ಲ ಅಯೋಡಿನ್, ಸೇಮ್ ಹೀ ಹೈ ಕ್ಯಾ ಇದು?"

ಅದೇ ಎಂದೆ. ಕರಗಿದ ಇಂಧನದಿಂದ ಮೊದಲು ತಪ್ಪಿಸಿಕೊಳ್ಳುವವುಗಳಲ್ಲಿ ಅದೂ ಒಂದು. ಹುಲ್ಲಿಗೆ, ಹಸುವಿಗೆ, ಹಾಲಿಗೆ, ಅಲ್ಲಿಂದ ಮಕ್ಕಳ ಕತ್ತಿಗೆ. ಅಲ್ಲಿ ಅದು ಕಾಯಿಲೆ ತರುತ್ತದೆ, ಇಲ್ಲಿ ಅಳೆದು ಕೊಟ್ಟರೆ ಔಷಧ. ಚೆನ್ನಾಗಿಯೇ ವಿವರಿಸಿದೆ ಅನಿಸಿತು.

ಅವಳು ಸ್ವಲ್ಪ ಹೊತ್ತು ಫ್ಯಾನ್ ನೋಡಿದಳು. "ನಾನು ಮರ್ ಗಯೀ ತೋ?"

ಈ ವಯಸ್ಸಿನಲ್ಲಿ, ಈ ಬಗೆಯ ಗಂಟಿನಲ್ಲಿ, ನೂರಕ್ಕೆ ತೊಂಬತ್ತೆಂಟಕ್ಕೂ ಹೆಚ್ಚು ಮಂದಿ ಉಳಿಯುತ್ತಾರೆ ಎಂದೆ.

"ನಾನು ಪರ್ಸೆಂಟ್ ಕೇಳಿಲ್ಲ, ಮಮ್ಮಾ," ಎಂದು ಎದ್ದು ತನ್ನ ಕೋಣೆಗೆ ಹೋದಳು.

ಜೂನ್ 17, ಸೋಮವಾರ

ಸೀಸದ ಡಬ್ಬಿಯಿಂದ ಒಂದು ಕ್ಯಾಪ್ಸೂಲ್. ನುಂಗಿದಳು, ನೀರು ಕುಡಿದಳು, ಮುಗಿಯಿತು. ಬಾಗಿಲು ಹಾಕಿದರು. ದಪ್ಪ ಗಾಜಿನ ಕಿಟಕಿಯ ಆಚೆಯಿಂದ ಕೈ ಬೀಸಿದಳು. ನಾನು ಬಾಗಿಲ ಬಳಿಯ ಮೀಟರಿನ ಅಂಕಿ ಓದುತ್ತಿದ್ದೆ. ತಲೆಯೆತ್ತುವಷ್ಟರಲ್ಲಿ ಅವಳು ಗೋಡೆಗೆ ತಿರುಗಿ ಮಲಗಿದ್ದಳು. ವಾರ್ಡಿನ ಸಿಬ್ಬಂದಿ ಅಚ್ಚುಕಟ್ಟಾದ ಜನ. ನನಗೆ ಹೇಳಿಕೊಡಲು ಏನೂ ಇರಲಿಲ್ಲ.

ಜೂನ್ 20, ಗುರುವಾರ

ಬಿಡುಗಡೆ. ಟ್ಯಾಕ್ಸಿಯಲ್ಲಿ ನಾನು ಡ್ರೈವರ್ ಪಕ್ಕ, ಅವಳು ಹಿಂದಿನ ಸೀಟಿನ ಎಡಮೂಲೆಯಲ್ಲಿ. ಕಿಟಕಿಗಳು ತೆರೆದಿದ್ದವು. ಒಂದು ವಾರ ಪ್ರತ್ಯೇಕ ಹಾಸಿಗೆ, ಪ್ರತ್ಯೇಕ ತಟ್ಟೆ, ಆದಷ್ಟು ದೂರ ಎಂದು ಡಾಕ್ಟರು ಹೇಳಿದರು. ಹುಳಿ ಪೆಪ್ಪರಮಿಂಟು ಚೀಪುತ್ತಿರಬೇಕು, ಜೊಲ್ಲಿನಲ್ಲಿ ಅಯೋಡಿನ್ ನಿಲ್ಲಬಾರದು.

ಅವಳ ಕೋಣೆಯ ಬಾಗಿಲಿನಿಂದ ಎರಡು ಮೀಟರ್ ಅಳೆದು ನೆಲಕ್ಕೆ ಟೇಪ್ ಅಂಟಿಸಿದೆ. ಅಲ್ಲಿಯೇ ಸ್ಟೂಲು, ಸ್ಟೂಲಿನ ಮೇಲೆ ತಟ್ಟೆ. ನಾನು ಸರಿದ ಮೇಲೆ ಅವಳು ಬಂದು ತೆಗೆದುಕೊಳ್ಳುತ್ತಾಳೆ. ಕೆಲಸದ ದೇವಕ್ಕನಿಗೆ ರಜೆ ಕೊಟ್ಟೆ. "ಹುಡುಗಿಗಿ ಆರಾಮಿಲ್ಲಂದ್ರ ನಾ ಇನ್ನೂ ಜಾಸ್ತಿ ಬರ್ಬೇಕಲ್ರಿ ಬಾಯಾರ," ಎಂದಳು. ಬೇಡ ಎಂದೆ.

ಆನ್‌ಲೈನ್‌ನಲ್ಲಿ ಕೊಂಡ ಪುಟ್ಟ ವಿಕಿರಣ ಮಾಪಕ ಬಂದಿದೆ. ಅಮೋಲ್‌ಗೆ ಹೇಳಿದಾಗ, "ಘರ್ ಪೇ ಕಶಾಲಾ, ಮ್ಯಾಡಮ್? ಡಾಕ್ಟರ್ ನೇ ತೋ ನಾಪಾ ಹೈ ನಾ," ಎಂದ. ಡಾಕ್ಟರು ಅಳೆದದ್ದು ಸಾಲದೆ ಮನೆಯಲ್ಲೂ ಏಕೆ ಎಂದು. ಸುಮ್ಮನೆ ಎಂದೆ.

ಜೂನ್ 22, ಶನಿವಾರ

ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಟೇಪಿನ ಬಳಿ ನಿಂತು ಅಳೆಯುತ್ತೇನೆ. ಅವಳು ಬಾಗಿಲಲ್ಲಿ ನೆಟ್ಟಗೆ ನಿಲ್ಲಬೇಕು. ಅಂಕಿ ಭರ್ರನೆ ಇಳಿಯುತ್ತಿದೆ. ಗ್ರಂಥಿ ಇಲ್ಲದ ಮೈಯಲ್ಲಿ ಅಯೋಡಿನ್ ಹೆಚ್ಚು ದಿನ ತಂಗುವುದಿಲ್ಲ. ಗ್ರಾಫು ಪುಸ್ತಕದಲ್ಲಿರುವ ಹಾಗೆ ಬರುತ್ತಿದೆ, ಒಂದು ಬಿಂದುವೂ ಅತ್ತಿತ್ತ ಇಲ್ಲ. ಬಹಳ ದಿನಗಳ ನಂತರ ಏನೋ ಹಿತವೆನಿಸಿತು.

ಒಳಗಿನಿಂದಲೇ ನನಗೆ ವಿಡಿಯೋ ಕಾಲ್ ಮಾಡುತ್ತಾಳೆ. ನಾನು ಅಡುಗೆಮನೆಯಲ್ಲಿ, ಅವಳು ಕೋಣೆಯಲ್ಲಿ, ನಡುವೆ ಒಂದು ಗೋಡೆ. ಗೋಡೆಯಾಚೆಯಿಂದ ಆಗಲೇ ಕೇಳಿದ ಅವಳ ಮಾತು ಫೋನಿನಲ್ಲಿ ತಡವಾಗಿ ಕೇಳುತ್ತದೆ.

"ಮಮ್ಮಾ, ಟೇಪ್ ಹತ್ರ ಬಂದು ಬೈಠೋ ನಾ. ಮಾತಾಡೋಣ."

ಕುಕ್ಕರ್ ಇಟ್ಟಿದ್ದೇನೆ ಎಂದೆ. ಇಟ್ಟಿದ್ದು ನಿಜ.

ಜೂನ್ 25, ಮಂಗಳವಾರ

ಸ್ಕ್ಯಾನ್ ಆಯಿತು. ಕತ್ತಿನಲ್ಲಿ ಮಾತ್ರ ಸ್ವಲ್ಪ ಹೊಳಪು. ಶ್ವಾಸಕೋಶ, ಮೂಳೆ, ಎಲ್ಲೂ ಹರಡಿಲ್ಲ. ಡಾಕ್ಟರು ಎದ್ದು ನಿಂತು ಕೈಕುಲುಕಿದರು. ಸುಕೇಶ್ ಮತ್ತೆ ಅತ್ತ, ಈ ಸಲ ಹಡಗಿನವರೆಲ್ಲ ಅವನ ಹಿಂದೆ ನಿಂತು ಚಪ್ಪಾಳೆ ತಟ್ಟಿದರು. ಅಕ್ಕು ದೇವಸ್ಥಾನಕ್ಕೆ ತೆಂಗಿನಕಾಯಿ ಹೇಳಿಕೊಂಡಿದ್ದರಂತೆ, ಒಡೆಸಿ ಬಂದರಂತೆ. ಯಕ್ಷಿತಾ ಆಸ್ಪತ್ರೆಯ ಕಾರಿಡಾರಿನಲ್ಲಿ ಎರಡೂ ಕೈ ಚಾಚಿ ನನ್ನ ಕಡೆ ಓಡಿಬಂದಳು. "ವಾರ ಆಗಿಲ್ಲ" ಎಂದು ನೆನಪಿಸಿದೆ. ಅವಳು ಅರ್ಧದಲ್ಲೇ ನಿಂತಳು. ತುಂಬ ಒಳ್ಳೆಯ ಸುದ್ದಿ. ಮಧ್ಯಾಹ್ನ ಲ್ಯಾಬಿಗೆ ಹೋದೆ.

ಜೂನ್ 28, ಶುಕ್ರವಾರ

ಕೆ-14 ಬಿರಿಯಿತು. ಎಡಮೈಯಲ್ಲಿ ಉಗುರುದ್ದ ಸೀಳು, ಕೆಳಗಿನ ತಟ್ಟೆಯಲ್ಲಿ ಚಿಟಿಕೆಯಷ್ಟು ಹಳದಿ ಮಿಶ್ರಿತ ಪುಡಿ. ಅಮೋಲ್ ಕುಣಿದುಬಿಟ್ಟ. "ಮ್ಯಾಡಮ್, ತೀನ್ ಸಾಲ್! ತೀನ್ ಸಾಲ್ ಬೈಠೇ ಥೇ ಹಮ್ ಇಸಕೇ ಲಿಯೇ!" ಪೇಡೆ ತಂದು ಎಲ್ಲರಿಗೂ ಹಂಚಿದ. ನನಗೆ ಎರಡು ಕೊಟ್ಟ. ಸಕ್ಕರೆ ಕಮ್ಮಿ ಇದೆಯಲ್ಲ ಎಂದೆ. ಅವನು ನನ್ನನ್ನೇ ನೋಡಿದ. "ಮ್ಯಾಡಮ್, ಥೋಡೇ ದಿನ್ ಛುಟ್ಟೀ ಲೇ ಲೋ," ಎಂದ. ನಾನು ರಜೆ ತೆಗೆದುಕೊಳ್ಳಬೇಕೆಂದು ಅವನಿಗೇಕೆ ಅನಿಸಿತೋ.

ಜೂನ್ 29, ಶನಿವಾರ

ಡಾಕ್ಟರು ಹೇಳಿದ ವಾರ ಕಳೆದು ಎರಡು ದಿನವಾಯಿತು. ಮಾತ್ರೆ ಮತ್ತೆ ಶುರುವಾಗಿದೆ, ಅವಳ ಮುಖದ ಊತ ಇಳಿಯುತ್ತಿದೆ. ಬೆಳಿಗ್ಗೆ ಟೇಪ್ ದಾಟಿ ಅಡುಗೆಮನೆಗೆ ಬಂದಳು. ಇನ್ನೊಂದು ವಾರ ಎಚ್ಚರಿಕೆಗೆ ಇರಲಿ ಎಂದೆ.

"ಡಾಕ್ಟರ್ ತೋ ಬೋಲಾ ಓಕೇ ಅಂತ."

ಡಾಕ್ಟರಿಗೆ ಸಾವಿರ ರೋಗಿಗಳು, ನನಗೆ ನೀನೊಬ್ಬಳೇ ಎಂದೆ. ಕೇಳಲು ಚೆನ್ನಾಗಿತ್ತು. ಅವಳೂ ನಕ್ಕು ಕೋಣೆಗೆ ವಾಪಸು ಹೋದಳು.

ಜುಲೈ 2, ಮಂಗಳವಾರ

ಹಾಲ್‌ನ ಅಂಕಿಯೂ ಅವಳ ಬಾಗಿಲಿನ ಅಂಕಿಯೂ ಒಂದೇ ಆಗಿವೆ. ಎಂದರೆ ಉಳಿದದ್ದು ಗೋಡೆಯ, ಗಾಳಿಯ, ಆಕಾಶದ ಪಾಲು ಮಾತ್ರ. ಊಟ ಸ್ಟೂಲಿನ ಮೇಲಿಟ್ಟೆ. ಇವತ್ತು ಅವಳು ಕಾಲ್ ಮಾಡಲಿಲ್ಲ.

ಜುಲೈ 5, ಶುಕ್ರವಾರ

ಗ್ರಾಫು ಮುಗಿಯಿತು. ಮೇಲಿನಿಂದ ಇಳಿದು, ನೆಲಮಟ್ಟಕ್ಕೆ ಬಂದು, ಉದ್ದಕ್ಕೆ ಮಲಗಿದ ಒಂದು ಗೆರೆ. ಬಣ್ಣದಲ್ಲಿ ಪ್ರಿಂಟ್ ತೆಗೆದು ಅವಳಿಗೆ ತೋರಿಸಲು ಮನೆಗೆ ತಂದೆ. ಖುಷಿಪಡುತ್ತಾಳೆಂದುಕೊಂಡಿದ್ದೆ. ಟೇಪಿನ ಈಚೆಯಿಂದ ಎತ್ತಿ ಹಿಡಿದೆ.

"ಇದು ನಾನಾ?"

"ನೀನೇ. ನೋಡು, ಇಲ್ಲಿ ಬರುವಷ್ಟರಲ್ಲಿ ಎಲ್ಲ ಖಾಲಿ."

"ನೈಸ್. ನಿನ್ನ ಕಲ್ಲುಗಳಿಗೆ ನಾಮ್ ಇರುತ್ತಲ್ಲ ಮಮ್ಮಾ, ಕೆ-14, ಕೆ-15. ನನಗೆ ಏನು ನಾಮ್ ಇಟ್ಟೆ?"

ತಮಾಷೆಗೆ ಕೇಳಿದಳೆಂದುಕೊಂಡೆ. ಇದ್ದದ್ದನ್ನು ಹೇಳಿದೆ. ಮಾದರಿಗೆ ಹೆಸರು ಕೊಡದಿದ್ದರೆ ಕಂಪ್ಯೂಟರು ಮುಂದಕ್ಕೆ ಹೋಗುವುದಿಲ್ಲ. ಮೊದಲ ದಿನ ವೈ-1 ಎಂದು ಹಾಕಿದ್ದೆ. ನಾವೆಲ್ಲರೂ ಮಾಡುವುದೇ ಹಾಗೆ.

ಅವಳು ಕಾಗದ ಕೇಳಲಿಲ್ಲ. ಫೋನ್ ಎತ್ತಿಕೊಂಡು ನನ್ನೆದುರಿಗೇ ಅಕ್ಕುವಿಗೆ ಹಚ್ಚಿದಳು. "ಅಜ್ಜೀ, ಮುಝೇ ಲೇನೇ ಆವೋ. ಈಗ. ಬನ್ನಿ." ಸಾಯಂಕಾಲದ ಗದ್ದಲದಲ್ಲಿ ಎಪ್ಪತ್ತು ದಾಟಿದ ಅಕ್ಕು ದಾದರಿನಲ್ಲಿ ಗಾಡಿ ಬದಲಿಸಿ ಬಂದರು. ಚಪ್ಪಲಿ ಬಿಡದೆ, ಟೇಪು ತುಳಿದುಕೊಂಡೇ ಒಳಗೆ ಹೋಗಿ, ಅವಳ ಕೈ ಹಿಡಿದು ಹೊರಗೆ ಬಂದರು. ಇನ್ನು ನಾಲ್ಕು ದಿನ ಅವಳನ್ನು ಬೇರೆ ಮಲಗಿಸಿ ಎಂದೆ. ಏಕೆ ಹೇಳಿದೆನೋ ಗೊತ್ತಿಲ್ಲ. ಬಾಯಿಗೆ ಬಂತು.

ಲಿಫ್ಟಿನ ಬಾಗಿಲು ಹಾಕುವಾಗ ಯಕ್ಷಿತಾ ನನ್ನನ್ನು ನೋಡಲಿಲ್ಲ. ಹೋಗಲಿ, ಹವಾ ಬದಲಾವಣೆಯಾಗುತ್ತದೆ.

ಜುಲೈ 8, ಸೋಮವಾರ

ಮಳೆಗೆ ಹಳಿಯ ಮೇಲೆ ನೀರು. ಲೋಕಲ್ ನಿಂತಿದೆ, ಆಫೀಸ್ ಬಸ್ಸೂ ಬರಲಿಲ್ಲ. ಅವಳ ಕೋಣೆಗೆ ಹೋಗಿ ಅಳೆದೆ. ಅವಳಿದ್ದಾಗಿನ ಅಂಕಿಯೇ ಈಗಲೂ. ಹಾಸಿಗೆಯ ಮೇಲೆ ಪೆಪ್ಪರಮಿಂಟಿನ ಕಾಗದಗಳು. ನಾಲ್ಕು ಸಲ ಫೋನ್ ಮಾಡಿದೆ, ಎತ್ತಲಿಲ್ಲ.

ಜುಲೈ 10, ಬುಧವಾರ

ಅಕ್ಕುವಿಗೆ ಫೋನ್ ಮಾಡಿದೆ. ಮಗು ಚೆನ್ನಾಗಿದ್ದಾಳೆ, ಬಂಗುಡೆ ತಿಂದಳು, ಕೆಳಗಿನ ಮನೆಯ ಮಕ್ಕಳ ಜೊತೆ ಕೇರಂ ಆಡಿದಳು ಎಂದರು. ಎಲ್ಲಿ ಮಲಗುತ್ತಾಳೆ ಎಂದು ಕೇಳಿದೆ.

"ಇನ್ನೆಲ್ಲಿ? ನನ್ನ ಚಾಪೆಯಲ್ಲಿ. ಕಾಲು ತಂದು ನನ್ನ ಹೊಟ್ಟೆ ಮೇಲೆ ಹಾಕ್ತಾಳೆ."

"ನಿಮಗೆ ಹೆದರಿಕೆ ಆಗುವುದಿಲ್ಲವಾ? ನನ್ನ ಕೆಲಸದಿಂದ ಅವಳ ಮೈಯಲ್ಲಿ ವಿಷ ಉಂಟು ಎನ್ನುತ್ತಿದ್ದಿರಿ."

"ಉಂಟು ಅಂತಲೇ ನಾನು ಗ್ರಹಿಸಿದ್ದು. ಇದ್ದರೆ ನನಗೂ ಸ್ವಲ್ಪ ಬರಲಿ. ಈ ಪ್ರಾಯಕ್ಕೆ ನನಗಿನ್ನು ಎಂತ ಆಗಲಿಕ್ಕುಂಟು?"

ಏನೂ ಇಲ್ಲ, ಎಂದೋ ಹೋಗಿದೆ, ನಾನೇ ಅಳೆದಿದ್ದೇನೆ ಎಂದೆ.

"ಹಾಗಾದರೆ ಶುಕ್ರವಾರದವರೆಗೆ ತಟ್ಟೆಯನ್ನು ಹೊರಗೆ ಯಾಕೆ ಇಡ್ತಾ ಇದ್ದೆ, ಹರಿಣಿ?"

ಲೈನ್ ಸರಿಯಿಲ್ಲ ಎಂದು ಇಟ್ಟುಬಿಟ್ಟೆ. ಲೈನ್ ಸರಿಯಾಗಿಯೇ ಇತ್ತು.

ಜುಲೈ 12, ಶುಕ್ರವಾರ

ಯಾಕೆ ಇಡುತ್ತಿದ್ದೆ?

ಜುಲೈ 14, ಭಾನುವಾರ

ದಹಿಸರ್‌ಗೆ ಹೋದೆ. ಚಾಳಿನ ಒಂದೇ ಕೋಣೆ, ಬಾಗಿಲು ತೆರೆದೇ ಇತ್ತು. ಅಕ್ಕು ನೆಲದ ಮೇಲೆ ಕಾಲು ಚಾಚಿ ಕೂತು ಯಕ್ಷಿತಾಳ ತಲೆಗೆ ಎಣ್ಣೆ ತಿಕ್ಕುತ್ತಿದ್ದರು. ಅವಳು ನನ್ನನ್ನು ನೋಡಿ ಫೋನಿಗೆ ಕಣ್ಣಿಳಿಸಿದಳು. ನಾನು ಹೊಸ್ತಿಲ ಪಕ್ಕದ ಕುರ್ಚಿಯಲ್ಲಿ ಕೂತೆ. ಅಕ್ಟೋಬರಿನಲ್ಲಿ ಅಪ್ಪ ಬರುತ್ತಾರೆ ಎಂದೆ. ಕಾಲೇಜು ಪ್ರವೇಶದ ಎರಡನೇ ಲಿಸ್ಟ್ ಬಂದಿದೆ ಎಂದೆ. ಹೂಂ, ಹೂಂ ಎಂದಳು.

"ಮನೆಗೆ ಹೋಗೋಣವಾ?" ಎಂದೆ.

"ನಹೀಂ. ಇಲ್ಲೇ ಇರ್ತೀನಿ. ಕಾಲೇಜ್ ಭೀ ಇಲ್ಲಿಂದಲೇ."

ಅಕ್ಕು ಅವಳ ಜಡೆ ಮುಗಿಸಿ, "ಏಳು ನೀನು. ಹರಿಣಿ, ಬಾ ಇಲ್ಲಿ, ಕೂರು," ಎಂದರು. ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ಅವರು ನನ್ನ ತಲೆ ಮುಟ್ಟಿದ್ದಿಲ್ಲ. ಬೇಡ ಎಂದೆ. ಕೂರು ಎಂದೆನಲ್ಲ ಎಂದರು. ಕೂತೆ.

ಬಿಸಿ ಎಣ್ಣೆ. ಒರಟು ಬೆರಳುಗಳು, ವರ್ಷಗಟ್ಟಲೆ ಹೋಟೆಲಿನ ಕೆಲಸದಲ್ಲಿ ಹಿಟ್ಟು ರುಬ್ಬಿ ರುಬ್ಬಿ ಗಂಟುಕಟ್ಟಿದವು. ನೆತ್ತಿಯನ್ನು ಒತ್ತಿದರು, ಕಿವಿಯ ಹಿಂದೆ ಒತ್ತಿದರು. "ಎಷ್ಟು ಗಟ್ಟಿ ಹಿಡ್ಕೊಂಡಿದ್ದಿ ಮಾರಾಯ್ತಿ. ಕುತ್ತಿಗೆ ಬಿಡು," ಎಂದರು. ಬಿಟ್ಟೆ. ಆಮೇಲೆ ಏನಾಯಿತೆಂದು ಸರಿಯಾಗಿ ಬರೆಯಲಾರೆ. ಮೂಗಿನಿಂದ, ಕಣ್ಣಿನಿಂದ, ಎಲ್ಲ ಕಡೆಯಿಂದ ನೀರು. ಬಾಯಿಂದ ಬಂದ ಸದ್ದು ನನ್ನದೆಂದೇ ಅನಿಸಲಿಲ್ಲ. ಹೊರಗೆ ನಲ್ಲಿಯ ಬಳಿ ಮಾತಾಡುತ್ತಿದ್ದವರು ಮಾತು ನಿಲ್ಲಿಸಿದರು.

"ಮಮ್ಮಾ?" ಯಕ್ಷಿತಾ ಫೋನ್ ಕೆಳಗಿಟ್ಟಿದ್ದಳು. ಅವಳು ನನ್ನನ್ನು ಹೀಗೆ ನೋಡಿದವಳೇ ಅಲ್ಲ.

"ಹೆದರಿಕೆ ಆಗುತ್ತದೆ," ಎಂದೆ. "ನನಗೆ ತುಂಬಾ ಹೆದರಿಕೆ ಆಗುತ್ತದೆ."

"ರೇಡಿಯೇಷನ್ ಕಾ?"

"ಅಲ್ಲ. ಅದಕ್ಕಲ್ಲ."

ಅವಳು ಎದ್ದು ಬಂದು ನನ್ನೆದುರು, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತಳು. ಮುಖ ಒರೆಸಿಕೊಂಡು ಎಣ್ಣೆಯಾಗಿದ್ದ ನನ್ನ ಕೈಗೆ ಕೈ ಹಾಕಿದಳು; ಹಿಂದಕ್ಕೆ ಎಳೆದುಕೊಳ್ಳಹೋದೆ, ಬಿಡಲಿಲ್ಲ. ನನ್ನ ಬೆರಳುಗಳನ್ನು ಹಿಡಿದು ತನ್ನ ಕತ್ತಿನ ಮೇಲೆ ಇಟ್ಟುಕೊಂಡಳು, ಆಪರೇಷನ್ ಮಾಡಿದ ಜಾಗದ ಮೇಲೆ. ಗಾಯದ ಗೆರೆ ಬಟ್ಟೆಯ ಹೊಲಿಗೆಯಷ್ಟು ಉಬ್ಬಿದೆ. ಅದರ ಕೆಳಗೆ ಅವಳು ಉಗುಳು ನುಂಗಿದ್ದು ಬೆರಳಿಗೆ ತಿಳಿಯಿತು.

ಏಪ್ರಿಲ್‌ನಿಂದ ನಾನು ಅದನ್ನು ಒಮ್ಮೆಯೂ ಮುಟ್ಟಿರಲಿಲ್ಲ.